ತೋಟದ ತುಂಬ ಆಫ್ರಿಕಾದ ಬಸವನಹುಳು: ಇಲ್ಲಿಗೆ ಬಂದದ್ದು ಹೇಗೆ, ಇನ್ನು ಏನು ಮಾಡುವುದು?

ತೋಟದಮನೆ
ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ಮೂರು ಎಕರೆ ಅಡಿಕೆ, ನಡುವೆ ಬಾಳೆ, ಕಾಳುಮೆಣಸು. ಹೋದ ವರ್ಷ ಮಳೆಗಾಲದಲ್ಲಿ ಗೊಬ್ಬರಗುಂಡಿ ಹತ್ತಿರ ಮೂರೋ ನಾಲ್ಕೋ ದೊಡ್ಡ ಬಸವನಹುಳು ಕಂಡಿದ್ದವು. ಮಕ್ಕಳು ಕೊಂಬು ಮುಟ್ಟಿ ಆಡಿಸಿ ಬಿಟ್ಟರು. ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಈ ವರ್ಷ ಮಳೆ ಹಿಡಿದ ವಾರಕ್ಕೆ ರಾತ್ರಿ ಟಾರ್ಚ್ ತೆಗೆದುಕೊಂಡು ಹೋದರೆ ಕಾಲಿಡಲು ಜಾಗ ಇಲ್ಲ. ಅಡಿಕೆ ಸಸಿಮಡಿ ಅರ್ಧ ಹೋಗಿದೆ. ಬಾಳೆಕಂದಿನ ಸುಳಿ ತಿಂದಿವೆ. ಹೊಸದಾಗಿ ಹಬ್ಬಿಸಿದ ಮೆಣಸಿನ ಬಳ್ಳಿಯಲ್ಲಿ ಒಂದೂ ಚಿಗುರಿಲ್ಲ.

ನಿನ್ನೆ ರಾತ್ರಿ ಕೊಟ್ಟಿಗೆ ಗೋಡೆಗೆ ಟಾರ್ಚ್ ಬಿಟ್ಟೆ. ಸುಣ್ಣ ಹೊಡೆದ ಮಣ್ಣಿನ ಗೋಡೆ. ಹನ್ನೊಂದು ಹುಳು ಅಂಟಿಕೊಂಡಿದ್ದವು. ಕಿವಿ ಹತ್ತಿರ ಹಿಡಿದರೆ ಸಣ್ಣಗೆ ಕರಕರ ಸದ್ದು. ಒಂದನ್ನು ಕಿತ್ತು ನೋಡಿದೆ. ಅದರ ಬಾಯಿ ಇದ್ದ ಜಾಗದಲ್ಲಿ ಸುಣ್ಣ ಕೆರೆದುಹೋಗಿ ಒಳಗಿನ ಕೆಮ್ಮಣ್ಣು ಕಾಣುತ್ತಿತ್ತು. ಗೋಡೆ ಯಾಕೆ ತಿನ್ನುತ್ತವೆ?

ಅಪ್ಪನ ಕಾಲದಲ್ಲಿ ನಮ್ಮ ತೋಟದಲ್ಲಿ ಇದು ಇರಲೇ ಇಲ್ಲ. ಆಫ್ರಿಕಾದ ಹುಳು ಅನ್ನುತ್ತಾರೆ. ಸಮುದ್ರ ದಾಟಿ, ಘಟ್ಟ ಹತ್ತಿ ನಮ್ಮ ಕೊಟ್ಟಿಗೆವರೆಗೆ ಬಂದದ್ದು ಹೇಗೆ? ಒಂದೇ ವರ್ಷದಲ್ಲಿ ಇಷ್ಟಾಗಲು ಹೇಗೆ ಸಾಧ್ಯ? ಗೊತ್ತಿದ್ದವರು ಹೇಳಿ.

ಕಾಫಿಕಣಿವೆ
ನಮ್ಮಲ್ಲೂ ಇದೇ ಕಥೆ ಅಣ್ಣಾ. ಕಾಫಿ ನರ್ಸರಿ, ಪಪ್ಪಾಯಿ, ಸೊಪ್ಪು, ಯಾವುದನ್ನೂ ಬಿಟ್ಟಿಲ್ಲ. ಪಪ್ಪಾಯಿ ಮರದ ಸಿಪ್ಪೆಯನ್ನೇ ಸುಲಿದು ತಿನ್ನುತ್ತವೆ.

ಚಿಪ್ಪುಗಣ್ಣು
ಗೋಡೆಯ ಪ್ರಶ್ನೆಗೆ ಮೊದಲು ಉತ್ತರ. ಅಷ್ಟು ದೊಡ್ಡ ಚಿಪ್ಪು ಕಟ್ಟಲು ಅದಕ್ಕೆ ಸುಣ್ಣದ ಅಂಶ ಬೇಕು. ನಿಮ್ಮ ಗೋಡೆ ಅದಕ್ಕೆ ಸುಲಭವಾಗಿ ಸಿಗುವ ಗಣಿ. ಬರಿಯ ಸುಣ್ಣದ ಗೋಡೆಯಲ್ಲ, ಸಿಮೆಂಟ್ ಗಾರೆಯನ್ನೂ ಕೆರೆಯುತ್ತವೆ. ನಾಲಿಗೆಯ ಮೇಲೆ ಅರದ ಹಾಗೆ ಸಾವಿರಾರು ಸಣ್ಣ ಹಲ್ಲುಗಳಿರುತ್ತವೆ. ನೀವು ಕೇಳಿದ ಕರಕರ ಸದ್ದು ಅದೇ.

ಇನ್ನು ಬಂದ ದಾರಿ. ಇದರ ತವರು ಪೂರ್ವ ಆಫ್ರಿಕಾ. ಅಲ್ಲಿಂದ ಮಾರಿಷಸ್‌ಗೆ ಜನರೇ ಒಯ್ದರು. 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಬ್ರಿಟಿಷ್ ಅಧಿಕಾರಿ ಮಾರಿಷಸ್‌ನಿಂದ ಕಲ್ಕತ್ತಾಕ್ಕೆ ತಂದ. ಅವನಿಗೆ ಚಿಪ್ಪಿನ ಹುಳುಗಳ ಅಧ್ಯಯನದ ಹುಚ್ಚು. ಚೌರಂಗಿಯ ಒಂದು ತೋಟದಲ್ಲಿ ಅವನ್ನು ಬಿಟ್ಟರು. ನಮ್ಮ ದೇಶದಲ್ಲಿ ಇದರ ಕಥೆ ಶುರುವಾಗುವುದು ಅಲ್ಲಿಂದ. ಯಾರೋ ಒಬ್ಬರ ಕುತೂಹಲ ಅಷ್ಟೇ, ಕೇಡು ಮಾಡುವ ಉದ್ದೇಶ ಇರಲಿಲ್ಲ.

ಈ ಹುಳು ತಾನಾಗಿ ನಡೆದು ಒಂದು ರಾತ್ರಿಗೆ ಎಷ್ಟು ದೂರ ಹೋದೀತು? ಕೆಲವು ಮೀಟರ್. ಕಲ್ಕತ್ತಾದಿಂದ ತೀರ್ಥಹಳ್ಳಿಗೆ ಅದು ನಡೆದು ಬಂದಿಲ್ಲ. ಮಣ್ಣಿನ ಜೊತೆ, ಮರದ ದಿಮ್ಮಿಯ ಜೊತೆ, ಸಸಿಯ ಜೊತೆ, ಗೊಬ್ಬರದ ಲಾರಿಯಲ್ಲಿ ಬಂದಿದೆ. ಹೊತ್ತು ತಂದವರು ನಾವೇ.

ಶಂಖಪುಷ್ಪ
ಒಂದೇ ವರ್ಷದಲ್ಲಿ ಆದದ್ದಲ್ಲ ಅಣ್ಣಾ. ನೀವು ನೋಡಿದ್ದು ಹೋದ ವರ್ಷ, ಅಷ್ಟೇ. ಶಿರಸಿಯ ನಮ್ಮ ತವರುಮನೆ ತೋಟದಲ್ಲೂ ಮೂರ್ನಾಲ್ಕು ವರ್ಷ ಅಲ್ಲೊಂದು ಇಲ್ಲೊಂದು ಕಾಣುತ್ತಿತ್ತು. ಅಮ್ಮ "ಇದೆಂಥ ದೊಡ್ಡ ಹುಳ ಮಾರಾಯ್ತಿ" ಅಂತ ಫೋನಿನಲ್ಲಿ ಹೇಳಿ ನಕ್ಕಿದ್ದಳು. ಐದನೇ ವರ್ಷ ಬಸಳೆ ಚಪ್ಪರ ಇಡೀ ಹೋಯಿತು.

ಸುಮ್ನೆಓದುವವ
ಇದು ಗಂಡೂ ಹೆಣ್ಣೂ ಒಂದೇ ಅಲ್ವಾ? ಹಾಗಾದರೆ ಒಂದೇ ಒಂದು ಹುಳು ಬಂದರೂ ಸಾಕು, ಊರು ತುಂಬುತ್ತದೆ.

ಚಿಪ್ಪುಗಣ್ಣು
@ಸುಮ್ನೆಓದುವವ ಅರ್ಧ ಸರಿ. ಒಂದೇ ಮೈಯಲ್ಲಿ ಎರಡೂ ಇದೆ, ನಿಜ. ಆದರೆ ಸಾಮಾನ್ಯವಾಗಿ ಮೊಟ್ಟೆ ಇಡಲು ಇನ್ನೊಂದರ ಜೊತೆ ಕೂಡಲೇಬೇಕು. ಅಪಾಯ ಇರುವುದು ಬೇರೆ ಕಡೆ. ಒಮ್ಮೆ ಕೂಡಿದ ಹುಳು ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಉಳಿಸಿಕೊಳ್ಳುತ್ತದೆ. ಬೇಕಾದಾಗ ಮೊಟ್ಟೆ ಇಡುತ್ತದೆ. ಹಾಗಾಗಿ ಆಗಲೇ ಕೂಡಿದ ಒಂದು ಹುಳು ಒಂದು ಸಸಿಯ ಚೀಲದಲ್ಲಿ ಬಂದರೆ ಸಾಕು ಅನ್ನುವುದು ಪೂರ್ತಿ ಸರಿ.

ಒಂದು ಸಲಕ್ಕೆ 100ರಿಂದ 400 ಮೊಟ್ಟೆ. ವರ್ಷಕ್ಕೆ ಹಲವು ಸಲ. ಮರಿ ಆರು ತಿಂಗಳಿಗೆಲ್ಲ ಮೊಟ್ಟೆ ಇಡುವಷ್ಟು ಬೆಳೆಯುತ್ತದೆ. ಬೇಸಿಗೆ ಬಂದರೆ ಸಾಯುವುದಿಲ್ಲ. ಮಣ್ಣಿನೊಳಗೆ ಇಳಿದು, ಚಿಪ್ಪಿನ ಬಾಯಿಗೆ ಪೊರೆ ಕಟ್ಟಿಕೊಂಡು ತಿಂಗಳುಗಟ್ಟಲೆ ಮಲಗುತ್ತದೆ. ಮಳೆ ಬಿದ್ದ ರಾತ್ರಿ ಎಲ್ಲವೂ ಒಟ್ಟಿಗೆ ಎದ್ದು ಬರುತ್ತವೆ. ಅದಕ್ಕೇ ಒಂದೇ ರಾತ್ರಿಯಲ್ಲಿ ಹುಟ್ಟಿದ ಹಾಗೆ ಕಾಣುವುದು.

ಹಳೇಮೇಷ್ಟ್ರು
ಮಯಾಮಿಯ ಕಥೆ ಹೇಳುತ್ತೇನೆ, ಕೇಳಿ. 1966ರಲ್ಲಿ ಒಬ್ಬ ಹುಡುಗ ಹವಾಯಿಯಿಂದ ಬರುವಾಗ ಈ ಹುಳು ಮೂರು ತಂದ. ಅಜ್ಜಿ ಅವನ್ನು ಮನೆಯ ತೋಟದಲ್ಲಿ ಬಿಟ್ಟಳು. ಏಳು ವರ್ಷದಲ್ಲಿ ಸುಮಾರು 18,000 ಹುಳು ಸಿಕ್ಕವು, ಮೊಟ್ಟೆ ಬೇರೆ. ಎಲ್ಲ ತೆಗೆದು ಮುಗಿಸಲು ಹತ್ತು ಲಕ್ಷ ಡಾಲರ್ ಹತ್ತಿರ ಖರ್ಚಾಯಿತು. 1975ಕ್ಕೆ ಮುಗಿಯಿತು ಅಂದರು. 2011ರಲ್ಲಿ ಅದೇ ಊರಿಗೆ ಮತ್ತೆ ಬಂತು. ಎರಡನೇ ಸಲ ಮುಗಿಸಲು ಹತ್ತು ವರ್ಷ ಹಿಡಿಯಿತು.

ಮೂರು ಹುಳು, ಒಬ್ಬ ಹುಡುಗ. ಮಕ್ಕಳಿಗೆ ಪಾಠ ಮಾಡುವಾಗ ಇದನ್ನು ಹೇಳದೆ ಬಿಡುತ್ತಿರಲಿಲ್ಲ.

ಬಾಲ್ಕನಿತೋಟ
ಬೆಂಗಳೂರಿನಲ್ಲೂ ಇದೆ. ನಮ್ಮ ಲೇಔಟಿನ ಪಾರ್ಕಿನಲ್ಲಿ ಮಳೆ ಬಂದ ಬೆಳಿಗ್ಗೆ ವಾಕಿಂಗ್ ದಾರಿಯ ಮೇಲೆಲ್ಲ. ಮನೆಯ ಕುಂಡಗಳಿಗೂ ಬಂದಿದೆ. ಆನ್‌ಲೈನ್‌ನಲ್ಲಿ ತರಿಸಿದ ಗಿಡದ ಮಣ್ಣಿನಲ್ಲಿ ಬಂತೋ ಏನೋ.

ಗದ್ದೆಬದು
ಇಷ್ಟೆಲ್ಲ ಯಾಕೆ ಸ್ವಾಮಿ. ಇದನ್ನು ತಿನ್ನುವ ಪ್ರಾಣಿ ಆಫ್ರಿಕಾದಲ್ಲಿ ಇರಬೇಕಲ್ಲ. ಅದನ್ನು ತಂದು ಬಿಟ್ಟರೆ ಆಯಿತು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು.

ಚಿಪ್ಪುಗಣ್ಣು
@ಗದ್ದೆಬದು ದಯವಿಟ್ಟು ಬೇಡ. ಅದನ್ನು ಮಾಡಿ ನೋಡಿ ಆಗಿದೆ. 1955ರಲ್ಲಿ ಹವಾಯಿಯಲ್ಲಿ ಇದನ್ನು ತಿನ್ನಲಿ ಅಂತ ಇನ್ನೊಂದು ಜಾತಿಯ ಬೇಟೆಗಾರ ಬಸವನಹುಳುವನ್ನು ಫ್ಲಾರಿಡಾದಿಂದ ತಂದು ಬಿಟ್ಟರು. 1970ರ ದಶಕದಲ್ಲಿ ಪೆಸಿಫಿಕ್ ಸಾಗರದ ಟಹೀಟಿ, ಮೊರೆಯಾ ದ್ವೀಪಗಳಲ್ಲೂ ಬಿಟ್ಟರು. ಅದು ದೈತ್ಯ ಹುಳುವಿನ ತಂಟೆಗೆ ಜಾಸ್ತಿ ಹೋಗಲಿಲ್ಲ. ಮರದ ಮೇಲೆ ತಮ್ಮ ಪಾಡಿಗೆ ಬದುಕಿದ್ದ ಸಣ್ಣ ಸ್ಥಳೀಯ ಬಸವನಹುಳುಗಳನ್ನು ತಿಂದಿತು. ಪಾರ್ಟುಲಾ ಎಂಬ ಗುಂಪಿನ ಹತ್ತಾರು ಜಾತಿಗಳು ಆ ಕಾಡುಗಳಿಂದ ಅಳಿದೇ ಹೋದವು. ಕೆಲವು ಮೃಗಾಲಯಗಳ ಗಾಜಿನ ಡಬ್ಬಗಳಲ್ಲಿ ಮಾತ್ರ ಉಳಿದವು. ದೈತ್ಯ ಹುಳು ಇವತ್ತಿಗೂ ಅಲ್ಲಿದೆ.

ಹಳೇಮೇಷ್ಟ್ರು
ಆಸ್ಟ್ರೇಲಿಯಾದ ಕಪ್ಪೆಯೂ ಹಾಗೇ. ಕಬ್ಬಿನ ದುಂಬಿ ತಿನ್ನಲಿ ಅಂತ 1935ರಲ್ಲಿ ಹವಾಯಿಯಿಂದ ನೂರು ಚಿಲ್ಲರೆ ಕಪ್ಪೆ ತಂದರು. ದುಂಬಿ ಇರುವುದು ಕಬ್ಬಿನ ತುದಿಯಲ್ಲಿ, ಕಪ್ಪೆ ಇರುವುದು ನೆಲದಲ್ಲಿ. ಈಗ ಆ ದೇಶದ ಉತ್ತರ, ಪೂರ್ವ ಭಾಗದ ತುಂಬ ಆ ವಿಷದ ಕಪ್ಪೆ.

ಜೋಳದಹೊಲ
ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಮೇಷ್ಟ್ರೇ. 2008ರಲ್ಲಿ ಕೊಯಮತ್ತೂರಿನ ಕಡೆ ಪಪ್ಪಾಯಿಗೆ ಬಿಳಿ ಹಿಟ್ಟು ತಿಗಣೆ ಬಂತು. ಮೆಕ್ಸಿಕೋ ಕಡೆಯದು. ನಮ್ಮ ಕಡೆಗೂ ಬಂತು. ಹಿಪ್ಪುನೇರಳೆ ಸೊಪ್ಪು ಹಾಳಾಗಿ ರೇಷ್ಮೆಯವರು ಕಣ್ಣೀರು ಹಾಕಿದರು. ಎಷ್ಟು ಔಷಧಿ ಹೊಡೆದರೂ ಆ ಹಿಟ್ಟಿನೊಳಗೆ ಇಳಿಯುತ್ತಿರಲಿಲ್ಲ. 2010ರಲ್ಲಿ ಬೆಂಗಳೂರಿನ ಕೇಂದ್ರ ಸಂಸ್ಥೆಯವರು ಪೋರ್ಟೊರಿಕೊದಿಂದ ಒಂದು ಸಣ್ಣ ಕಣಜ ತರಿಸಿ, ಪರೀಕ್ಷೆ ಮಾಡಿ, ಬೆಳೆಸಿ ಬಿಟ್ಟರು. ಗುಂಡುಸೂಜಿ ತಲೆಗಿಂತ ಸಣ್ಣದು. ಆಮೇಲೆ ತಿಗಣೆ ಹತೋಟಿಗೆ ಬಂತು, ಔಷಧಿಯ ಖರ್ಚೂ ಉಳಿಯಿತು. ಇದನ್ನೂ ಹೇಳಬೇಕಲ್ವಾ?

ಚಿಪ್ಪುಗಣ್ಣು
ಖಂಡಿತ ಹೇಳಬೇಕು, ಒಳ್ಳೆಯ ಮಾತು. ವ್ಯತ್ಯಾಸ ಎಲ್ಲಿದೆ ನೋಡಿ. ಆ ಕಣಜಕ್ಕೆ ಆ ತಿಗಣೆ ಬಿಟ್ಟರೆ ಬೇರೆ ಊಟ ಇಲ್ಲ. ತಿಗಣೆ ಕಡಿಮೆಯಾದರೆ ಕಣಜವೂ ಕಡಿಮೆ. ಕಪ್ಪೆ, ಬೇಟೆಗಾರ ಹುಳು ಹಾಗಲ್ಲ, ಸಿಕ್ಕಿದ್ದನ್ನೆಲ್ಲ ತಿನ್ನುವಂಥವು. ಒಂದನ್ನೇ ತಿನ್ನುವುದನ್ನು ಹುಡುಕಿ, ಮುಚ್ಚಿದ ಕೋಣೆಯಲ್ಲಿ ಪರೀಕ್ಷಿಸಿ ಬಿಡುವುದು ವಿಜ್ಞಾನಿಗಳ ಕೆಲಸ. ನಾವು ಯಾರೂ ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಗದ್ದೆಬದು
ಸರಿ, ಒಪ್ಪಿದೆ. ಪಾರ್ಟುಲಾ ವಿಷಯ ನನಗೆ ಗೊತ್ತಿರಲಿಲ್ಲ.

ಜೋಳದಹೊಲ
ಬಂದ ದಾರಿಯ ಮಾತು ಬಂತಲ್ಲ. ಎಲ್ಲವನ್ನೂ ಮನುಷ್ಯರೇ ಹೊತ್ತು ತರಬೇಕು ಅಂತ ಇಲ್ಲ. ಮುಸುಕಿನ ಜೋಳದ ಲದ್ದಿ ಹುಳು ನಮ್ಮ ದೇಶದಲ್ಲಿ ಮೊದಲು ಕಂಡದ್ದು ಎಲ್ಲಿ ಗೊತ್ತಾ? ಶಿವಮೊಗ್ಗದಲ್ಲಿ, 2018ರ ಮೇ ತಿಂಗಳಲ್ಲಿ. ಅಮೆರಿಕದ ಹುಳು. 2016ರಲ್ಲಿ ಆಫ್ರಿಕಾ, ಎರಡು ವರ್ಷಕ್ಕೆ ನಮ್ಮ ಹೊಲ. ಅದರ ಪತಂಗ ಗಾಳಿ ಹಿಡಿದು ಒಂದೇ ರಾತ್ರಿಗೆ ನೂರು ಕಿಲೋಮೀಟರ್ ಹೋಗುತ್ತದೆ. ಆ ವರ್ಷ ಬೆಳಿಗ್ಗೆ ಹೊಲಕ್ಕೆ ಹೋಗಿ ಸುಳಿ ಬಿಡಿಸಿದರೆ ಒದ್ದೆ ಮರದ ಹೊಟ್ಟಿನ ಹಾಗೆ ಲದ್ದಿ ತುಂಬಿರುತ್ತಿತ್ತು. ಒಳಗೆ ತಲೆಯ ಮೇಲೆ ತಿರುಗಿಸಿದ ವೈ ಗುರುತಿನ ಹುಳು. ಇದು ಏನು ಅಂತ ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಂಗಡಿಯವ ಕೊಟ್ಟ ಔಷಧಿ ಮೂರು ಸಲ ಹೊಡೆದೆ. ಅರ್ಧ ಬೆಳೆ ಬಂತು.

ಕಾಫಿಕಣಿವೆ
ಅದು ನಿಜ. ಆದರೆ ಅಮೆರಿಕದಿಂದ ಆಫ್ರಿಕಾಕ್ಕೆ ಸಾಗರ ದಾಟಿಸಿದ್ದು ಹಡಗೋ ವಿಮಾನವೋ ಇರಬೇಕು. ಮೊದಲ ಹೆಜ್ಜೆ ನಮ್ಮದು, ಉಳಿದದ್ದು ಅದರ ರೆಕ್ಕೆಯದು.

ಸುಮ್ನೆಓದುವವ
ನನಗೊಂದು ಅನುಮಾನ. ಹಸಿಮೆಣಸು, ಆಲೂಗಡ್ಡೆ, ಗೋಡಂಬಿ ಎಲ್ಲ ಹೊರಗಿನಿಂದಲೇ ಬಂದದ್ದು. ಅವನ್ನು ನಮ್ಮದು ಅಂತೀವಿ. ಹೊರಗಿನದು ಅಂದ ಮಾತ್ರಕ್ಕೆ ಕೆಟ್ಟದ್ದು ಅನ್ನುವುದು ಸರೀನಾ?

ಹಳೇಮೇಷ್ಟ್ರು
@ಸುಮ್ನೆಓದುವವ ಸರಿಯಲ್ಲ, ಯಾರೂ ಹಾಗೆ ಹೇಳುತ್ತಲೂ ಇಲ್ಲ. ಹೊರಗಿನಿಂದ ಬಂದದ್ದರಲ್ಲಿ ಜಾಸ್ತಿ ಪಾಲು ಇಲ್ಲಿ ಬದುಕುವುದೇ ಇಲ್ಲ. ಹತ್ತು ಬಂದರೆ ಒಂದು ನೆಲೆಯೂರುತ್ತದೆ, ನೆಲೆಯೂರಿದ ಹತ್ತರಲ್ಲಿ ಒಂದು ಕಾಟ ಕೊಡುತ್ತದೆ ಎಂದು ಪರಿಸರ ವಿಜ್ಞಾನಿಗಳು ಒಂದು ಅಂದಾಜು ಲೆಕ್ಕ ಹೇಳುತ್ತಿದ್ದರು. ಹಕ್ಕಿ, ಮೀನು, ಸಸ್ತನಿಗಳಲ್ಲಿ ನೆಲೆಯೂರುವುದು ಅದಕ್ಕಿಂತ ಜಾಸ್ತಿ ಅಂತ ಆಮೇಲೆ ಗೊತ್ತಾಯಿತು. ಹಸಿಮೆಣಸು ನಾವು ಬಿತ್ತಿದರೆ ಬರುತ್ತದೆ, ಹಾಗೇ ಬಿಟ್ಟರೆ ಅದು ಕಾಡನ್ನು ನುಂಗುವುದಿಲ್ಲ. ಬಸವನಹುಳು ನಾವು ಬೇಡ ಅಂದರೂ ಹಬ್ಬುತ್ತದೆ. ನೋಡಬೇಕಾದ್ದು ಅದನ್ನು.

ಕೆರೆದಂಡೆ
ಎಷ್ಟು ಸಲ ತಂದು ಬಿಡುತ್ತಾರೆ ಅನ್ನುವುದೂ ಮುಖ್ಯ. ಬೆಂಗಳೂರಿನ ಕೆರೆಗಳಲ್ಲಿ ಗಾಜಿನ ತೊಟ್ಟಿ ಉಜ್ಜುವ ಮೀನು ಸಿಗುತ್ತಿದೆ, ಮೈಯೆಲ್ಲ ಗಟ್ಟಿ ಕವಚ ಇರುತ್ತದಲ್ಲ, ಅದು. ದಕ್ಷಿಣ ಅಮೆರಿಕದ್ದು. ಮನೆಯಲ್ಲಿ ಒಂದು ಅಡಿ ಬೆಳೆದು ತೊಟ್ಟಿಯಲ್ಲಿ ಹಿಡಿಸದಾಗ "ಪಾಪ, ಸಾಯಬಾರದು" ಅಂತ ಕೆರೆಗೆ ಬಿಡುತ್ತಾರೆ. ಒಬ್ಬರು ಬಿಟ್ಟದ್ದು ಸತ್ತೀತು. ನೂರು ಮನೆಯವರು ವರ್ಷವಿಡೀ ಬಿಡುತ್ತಿದ್ದರೆ ಯಾವುದೋ ಒಂದು ಜೋಡಿ ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ಇರುತ್ತದೆ. ದಂಡೆಯಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತದೆ. ನಮ್ಮ ಕೆರೆಯಲ್ಲಿ ಬಲೆ ಹಾಕುವವರು ಇದನ್ನು ಬಿಡಿಸುವಷ್ಟರಲ್ಲಿ ಬಲೆಯೇ ಹರಿದುಹೋಗುತ್ತದೆ. ಮಾರೋಣ ಅಂದರೆ ಕೊಳ್ಳುವವರಿಲ್ಲ. ಬೇಸರದಿಂದ ದಡಕ್ಕೆ ಎಸೆಯುತ್ತಾರೆ. ಗಂಟೆಗಟ್ಟಲೆ ಅಲ್ಲೇ ಬಾಯಿ ಆಡಿಸುತ್ತ ಜೀವ ಹಿಡಿದುಕೊಂಡಿರುತ್ತದೆ, ನೋಡಲು ಆಗುವುದಿಲ್ಲ.

ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು ಸರ್ಕಾರ 2000ದಲ್ಲೇ ನಿಷೇಧಿಸಿದೆ. ಆದರೂ ಕದ್ದು ಸಾಕುವವರಿದ್ದಾರೆ. ಹೊಂಡ ತುಂಬಿ ಹರಿದರೆ ಅದೂ ಕೆರೆಗೇ.

ಮೊಂಬಾಸಾಕನ್ನಡಿಗ
ಉಲ್ಟಾ ಕಥೆಯೂ ಇದೆ ಗೆಳೆಯರೇ. ನಾನು ಕೀನ್ಯಾದ ಮೊಂಬಾಸಾದಲ್ಲಿ ಇದ್ದೇನೆ. ಇಲ್ಲಿ ನಮ್ಮ ಊರಿನ ಕಾಗೆಯೇ ದೊಡ್ಡ ಪಿಡುಗು. ಅದೇ ಬೂದು ಕತ್ತಿನ ಮನೆಗಾಗೆ. 1890ರ ದಶಕದಲ್ಲಿ ಕಸ ತಿನ್ನಲಿ ಅಂತ ಝಾಂಜಿಬಾರಿಗೆ ತಂದದ್ದು ಕರಾವಳಿಯುದ್ದಕ್ಕೂ ಹಬ್ಬಿತು. ಇಲ್ಲಿನ ಸಣ್ಣ ಹಕ್ಕಿಗಳ ಮೊಟ್ಟೆ, ಮರಿ ಎಲ್ಲ ತಿನ್ನುತ್ತದೆ. ಹೋಟೆಲಿನಲ್ಲಿ ಹೊರಗೆ ಕೂತು ಊಟ ಮಾಡಲು ಬಿಡುವುದಿಲ್ಲ. 2024ರಲ್ಲಿ ಹತ್ತು ಲಕ್ಷ ಕಾಗೆ ಕೊಲ್ಲುವ ಯೋಜನೆಯನ್ನು ಇಲ್ಲಿನ ವನ್ಯಜೀವಿ ಇಲಾಖೆ ಹೇಳಿತು.

ಅಜ್ಜನ ತಿಥಿಗೆ ಪಿಂಡ ಇಟ್ಟು ಕಾಗೆಗೆ ಕಾಯುವ ಮನೆಯವನು ನಾನು. ಇಲ್ಲಿ ಪಕ್ಕದ ಮನೆಯವರು ಅದನ್ನು "ನಿಮ್ಮ ದೇಶದ ಹಕ್ಕಿ" ಅಂದು ಬೈಯುವಾಗ ತುಂಬ ಸಂಕಟ ಆಗುತ್ತದೆ. ಕಾಗೆಯ ತಪ್ಪೇನೂ ಇಲ್ಲ. ಆದರೆ ಅವರ ಹಕ್ಕಿಗಳು ಹೋಗುತ್ತಿರುವುದೂ ಸುಳ್ಳಲ್ಲ.

ಶಂಖಪುಷ್ಪ
ಓದಿ ಸುಮ್ಮನೆ ಕೂತೆ ಅಣ್ಣಾ. ನಮ್ಮ ಗೊರವಂಕವೂ ಹಾಗೇ ಅಂತೆ. ಮೆಲ್ಬರ್ನ್‌ನಲ್ಲಿರುವ ಅಕ್ಕ ಹೇಳುತ್ತಿದ್ದಳು, ಅಲ್ಲಿ ಅದನ್ನು ಕಂಡರೆ ಯಾರಿಗೂ ಆಗದು. ಅಲ್ಲಿಯ ಹಕ್ಕಿಗಳು ಗೂಡು ಕಟ್ಟುವ ಪೊಟರೆಗಳನ್ನು ಹಿಡಿದುಕೊಳ್ಳುತ್ತದಂತೆ.

ಇರಲಿ, ಮೂಲ ಪ್ರಶ್ನೆಗೆ ಬರೋಣ. ತೋಟದಮನೆ ಅಣ್ಣನಿಗೆ ಉಪಾಯ ಬೇಕು. ನಾವು ಮಾಡಿದ್ದು ಹೇಳುತ್ತೇನೆ. ಸಂಜೆ ಗೋಣಿಚೀಲ ನೀರಲ್ಲಿ ಅದ್ದಿ, ಮೇಲೆ ಪಪ್ಪಾಯಿ ಎಲೆ, ಎಲೆಕೋಸಿನ ಹೊರಗಿನ ಎಲೆ ಹರಡಿ ಅಲ್ಲಲ್ಲಿ ಇಟ್ಟೆವು. ಬೆಳಿಗ್ಗೆ ಬಿಸಿಲೇರುವ ಮೊದಲು ಎತ್ತಿದರೆ ಅಡಿಯಲ್ಲಿ ಗುಂಪು. ಅಡಿಕೆ ಹಾಳೆ ಕವುಚಿ ಹಾಕಿದರೂ ಆಗುತ್ತದೆ, ಅದರಡಿ ತಂಪು ಅಂತ ಬಂದು ಸೇರುತ್ತವೆ. ಆರಿಸಿ ಗಟ್ಟಿ ಉಪ್ಪುನೀರಿನ ಬಕೆಟಿಗೆ ಹಾಕುವುದು, ಸತ್ತ ಮೇಲೆ ಆಳದ ಗುಂಡಿ ತೆಗೆದು ಹೂಳುವುದು. ಉಪ್ಪನ್ನು ಮಾತ್ರ ತೋಟಕ್ಕೆ ಎರಚಬೇಡಿ, ಮಣ್ಣು ಹಾಳು.

ನಿಜ ಹೇಳಬೇಕಂದರೆ ಮೊದಲ ದಿನ ನನ್ನ ಕೈ ನಡುಗಿತು. ಹೆಸರಲ್ಲೇ ಬಸವ ಇದ್ದಾನಲ್ಲ. ಅಮ್ಮ ಎರಡು ದಿನ ಬಕೆಟ್ ಹತ್ತಿರ ಬರಲಿಲ್ಲ. ಮೂರನೇ ದಿನ ಅವಳೇ ಬುಟ್ಟಿ ಹಿಡಿದು ಬಂದಳು.

ಕಾಫಿಕಣಿವೆ
ಮೆಟಾಲ್ಡಿಹೈಡ್ ಗುಳಿಗೆ ಹಾಕಿದರೆ ಬೇಗ ಸಾಯುತ್ತವೆ. ಆದರೆ ನಾಯಿ ಸಾಕಿದ್ದರೆ ಹುಷಾರು. ನಮ್ಮ ಟೈಗರ್ ಆ ಗುಳಿಗೆ ತಿಂದು ಮೈಯೆಲ್ಲ ನಡುಗಿ, ಡಾಕ್ಟರ ಹತ್ತಿರ ಮುಟ್ಟಿಸುವಷ್ಟರಲ್ಲಿ ಹೋಗಿಬಿಟ್ಟ. ಎಂಟು ವರ್ಷ ಮನೆಯಲ್ಲಿದ್ದ. ಗುಳಿಗೆ ಇಡುವುದಾದರೆ ನಾಯಿ, ಕೋಳಿ, ದನ ಮುಟ್ಟದ ಹಾಗೆ ತೂತಿರುವ ಡಬ್ಬದೊಳಗೆ ಇಡಿ.

ಬಾಲ್ಕನಿತೋಟ
ಅಯ್ಯೋ ಟೈಗರ್ 😢

ಚಿಪ್ಪುಗಣ್ಣು
ಕೈಯಿಂದ ಆರಿಸುವವರು ಕೈಗವಸು ಹಾಕಲೇಬೇಕು. ಪ್ಲಾಸ್ಟಿಕ್ ಚೀಲ ಕೈಗೆ ಸುತ್ತಿಕೊಂಡರೂ ಸಾಕು. ಇಲಿಯ ಶ್ವಾಸಕೋಶದ ಹುಳ ಅಂತ ಒಂದಿದೆ. ಇಲಿಯ ಹಿಕ್ಕೆಯಿಂದ ಬಸವನಹುಳುವಿಗೆ ಬರುತ್ತದೆ. ಹಸಿ ಹುಳುವಿನಿಂದ ಅಥವಾ ತೊಳೆಯದ ಸೊಪ್ಪಿನಿಂದ ಮನುಷ್ಯರ ಹೊಟ್ಟೆಗೆ ಹೋದರೆ ಮಿದುಳಿನ ಪೊರೆಗೆ ಉರಿಯೂತ ಆಗಬಹುದು. ಮಕ್ಕಳು ಕೊಂಬು ಮುಟ್ಟಿ ಆಡುವುದನ್ನು ನಿಲ್ಲಿಸಿ. ಸೊಪ್ಪು ಚೆನ್ನಾಗಿ ತೊಳೆದು ಬೇಯಿಸಿ ತಿನ್ನಿ.

ಇನ್ನೊಂದು ಮುಖ್ಯ ಮಾತು. ಕಂಡ ಬಸವನಹುಳುವನ್ನೆಲ್ಲ ಕೊಲ್ಲಬೇಡಿ! ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ನಮ್ಮವು ಎಷ್ಟೋ ಇವೆ. ಇಂಡ್ರೆಲ್ಲಾ ಅಂತ ಒಂದಿದೆ, ಮೈ ಕೆಂಪು ಇಲ್ಲವೇ ಹಳದಿ, ಚಿಪ್ಪು ತೆಳು, ದುಂಡಗೆ. ಆಫ್ರಿಕಾದ್ದರ ಚಿಪ್ಪು ಉದ್ದ, ತುದಿ ಚೂಪು, ಮೇಲೆ ಕಂದು ಪಟ್ಟೆ, ಮೈ ಬೂದುಗಂದು. ಅನುಮಾನ ಬಂದರೆ ಬಿಟ್ಟುಬಿಡಿ.

ಹಳೇಮೇಷ್ಟ್ರು
ಕೆಂಬೂತ ಇದನ್ನು ತಿನ್ನುತ್ತದೆ. ಮಿಂಚುಹುಳುವಿನ ಮರಿಯೂ ಬಸವನಹುಳು ತಿನ್ನುತ್ತದೆ. ಬಾತುಕೋಳಿ ಸಣ್ಣ ಮರಿಗಳನ್ನು ಆರಿಸುತ್ತದೆ. ಇವು ಇಷ್ಟು ದೊಡ್ಡ ದಂಡನ್ನು ಮುಗಿಸಲಾರವು, ಆದರೂ ವಿಷ ಹಾಕಿ ಇವನ್ನೂ ಓಡಿಸಬಾರದು.

ತೋಟದಮನೆ
ಎಲ್ಲರಿಗೂ ತುಂಬ ಉಪಕಾರ. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ವಿಷ ಹಾಕಲಿಲ್ಲ, ನಮ್ಮಲ್ಲೂ ಎರಡು ನಾಯಿ ಇವೆ. ಶಂಖಪುಷ್ಪ ಅಕ್ಕ ಹೇಳಿದ ಹಾಗೆ ಗೋಣಿ, ಹಾಳೆ ಹಾಕಿ ದಿನವೂ ಆರಿಸುತ್ತಿದ್ದೇವೆ. ಮೊದಲ ಬೆಳಿಗ್ಗೆ ನಾಲ್ಕು ಬಕೆಟ್. ನಿನ್ನೆ ಒಂದೂ ತುಂಬಲಿಲ್ಲ. ಪಕ್ಕದ ಎರಡು ತೋಟದವರೂ ಶುರು ಮಾಡಿದ್ದಾರೆ.

ಬಂದ ದಾರಿಯೂ ಸಿಕ್ಕಿತು ಅಂದುಕೊಂಡಿದ್ದೇನೆ. ಮೂರು ವರ್ಷದ ಹಿಂದೆ ಘಟ್ಟದ ಕೆಳಗಿನ ಒಂದು ನರ್ಸರಿಯಿಂದ ಮೆಣಸಿನ ಸಸಿ ತಂದಿದ್ದೆ. ನೆಟ್ಟು ಉಳಿದ ಮೂವತ್ತು ಚೀಲ ಕೊಟ್ಟಿಗೆ ಹಿಂದೆಯೇ ಬಿದ್ದಿದ್ದವು. ಹುಳು ಜಾಸ್ತಿ ಇರುವುದೂ ಅಲ್ಲೇ. ಮೊನ್ನೆ ಒಂದು ಚೀಲ ಹರಿದು ಮಣ್ಣು ಬಿಡಿಸಿದೆ. ಎರಡು ಬೆರಳಿನ ಆಳದಲ್ಲಿ ನೆನೆಸಿದ ಸಾಬಕ್ಕಿಯ ಹಾಗೆ, ಸ್ವಲ್ಪ ಹಳದಿ ಬಣ್ಣದ ಮೊಟ್ಟೆ, ಒಂದು ಬೊಗಸೆ. ಮಗಳು ಪಕ್ಕದಲ್ಲಿ ಕೂತು ಎಣಿಸಿದಳು. 163. ಉಳಿದ ಚೀಲಗಳಲ್ಲಿ ಇನ್ನೂ ನಾಲ್ಕರಲ್ಲಿ ಇತ್ತು. ಎಲ್ಲ ಕುದಿಯುವ ನೀರಿಗೆ ಹಾಕಿದೆವು.

ಈಗ ಹೊಟ್ಟೆ ಉರಿಯುವ ಸಂಗತಿ. ಆ ಸಸಿಗಳಲ್ಲಿ ಇಪ್ಪತ್ತನ್ನು ಹೋದ ವರ್ಷ ಕೊಪ್ಪದ ಭಾವನಿಗೆ ಕೊಟ್ಟಿದ್ದೆ. ಚೀಲದ ಸಮೇತ.

ಶಂಖಪುಷ್ಪ
ಇವತ್ತೇ ಫೋನ್ ಮಾಡಿ ಅಣ್ಣಾ. ಇನ್ನೂ ಮೂರ್ನಾಲ್ಕು ಇರುವಾಗಲೇ ಆರಿಸಿದರೆ ಉಳಿಯುತ್ತಾರೆ.

ಚಿಪ್ಪುಗಣ್ಣು
ಹೌದು, ಸಸಿ ನೆಟ್ಟ ಜಾಗದ ಸುತ್ತ ಮಣ್ಣು ಕೆದಕಿ ಮೊಟ್ಟೆ ಹುಡುಕಲು ಹೇಳಿ. ರಾತ್ರಿ ಎಂಟು ಗಂಟೆ ಮೇಲೆ ಟಾರ್ಚ್ ಹಿಡಿದು ಸುಣ್ಣದ ಗೋಡೆ ನೋಡಲಿ.

ತೋಟದಮನೆ
ಮಾತಾಡಿದೆ. ಮನೆ ಗೋಡೆ ನೋಡಿ ಬಂದರು. ಎರಡು ಇವೆಯಂತೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ನಾನೇ ಹೋಗುತ್ತಿದ್ದೇನೆ.